ಬೆನ್ನ ಹಿಂದೆ ಇಟ್ಟ ಹೆಸರು



ಇಂಗ್ಲಿಷರು ಹೋದಲ್ಲೆಲ್ಲ ಊರಿಗೆ, ಬೆಟ್ಟಕ್ಕೆ, ನದಿಗೆ ತಮ್ಮ ಹೆಸರು ಇಟ್ಟರು. ಅಲ್ಲಿನ ಜನ ಅವರಿಗೂ ಹೆಸರಿಟ್ಟರು. ಅದು ಯಾವ ನಕಾಶೆಯಲ್ಲೂ ಇಲ್ಲ.

ಅಮೆರಿಕದವರ 'ಲೈಮಿ'ಯಿಂದಲೇ ಶುರು ಮಾಡೋಣ. ಲೈಮ್ ಎಂದರೆ ನಿಂಬೆ. ದೂರದ ಸಮುದ್ರಯಾನದಲ್ಲಿ ನಾವಿಕರ ವಸಡು ಕೊಳೆತು, ಹಲ್ಲು ಸಡಿಲಾಗಿ, ಹಳೆಯ ಗಾಯ ಮತ್ತೆ ಬಾಯಿಬಿಡುತ್ತಿತ್ತು. ಸ್ಕರ್ವಿ ಎಂಬ ರೋಗ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ಕೂತರು. ಕಣ್ಣೆದುರೇ ಗುಣ ಕಂಡರೂ ಬ್ರಿಟಿಷ್ ನೌಕಾಪಡೆ ನಿಂಬೆರಸದ ಪಡಿ ಶುರುಮಾಡಿದ್ದು 1795ರಲ್ಲಿ. ಕಚೇರಿಯ ಕಡತ ಅಂದೂ ಇಷ್ಟೇ ನಿಧಾನ! ಮೊದಲು ಮೆಡಿಟರೇನಿಯನ್ ಕಡೆಯ ದಪ್ಪ ಹಳದಿ ನಿಂಬೆ ಬಳಸುತ್ತಿದ್ದರು. 19ನೇ ಶತಮಾನದ ನಡುವೆ, ತಮ್ಮದೇ ವೆಸ್ಟ್ ಇಂಡೀಸ್ ತೋಟಗಳ ಸಣ್ಣ ಹಸಿರು ನಿಂಬೆಗೆ ಬದಲಾಯಿಸಿದರು. ಅದರಲ್ಲಿ ಸ್ಕರ್ವಿ ತಡೆಯುವ ಸತ್ವ ಕಡಿಮೆ. ಹೀಗಾಗಿ 1875ರ ಉತ್ತರಧ್ರುವ ಯಾತ್ರೆಯಲ್ಲಿ ನಿಂಬೆರಸ ಕುಡಿದವರಿಗೂ ಸ್ಕರ್ವಿ ಬಂತು. ಹೆಸರು ಮಾತ್ರ ಆ ಹಸಿರು ನಿಂಬೆಯದೇ ಅಂಟಿಕೊಂಡಿತು. ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಬಂದಿಳಿದ ಇಂಗ್ಲೆಂಡಿನವನು 'ಲೈಮ್ ಜ್ಯೂಸರ್' ಆದ. ಅದೇ ಅಮೆರಿಕದಲ್ಲಿ ಮೊಟಕಾಗಿ 'ಲೈಮಿ'.

ಆಸ್ಟ್ರೇಲಿಯಾ ಮುಂದೆ 1912ರ ಸುಮಾರಿಗೆ 'ಪಾಮಿ' ಎಂಬ ಹೊಸ ಹೆಸರು ಕಂಡುಕೊಂಡಿತು. ಇಂಗ್ಲೆಂಡಿನಿಂದ ಸಾಗಿಸಿದ ಕೈದಿಗಳ ಅಂಗಿಯ ಮೇಲಿದ್ದ ಅಕ್ಷರಗಳಿಂದ ಅದು ಬಂತು ಎಂಬ ಕಥೆ ಜನಪ್ರಿಯ. ಆದರೆ ಕೈದಿಗಳ ಹಡಗು ನಿಂತದ್ದೇ 1868ರಲ್ಲಿ, ಲೆಕ್ಕ ಕೂಡುವುದಿಲ್ಲ. ವಲಸಿಗ ಎಂಬರ್ಥದ 'ಇಮಿಗ್ರಂಟ್' ಪದಕ್ಕೆ ಪ್ರಾಸ ಕಟ್ಟುತ್ತ ದಾಳಿಂಬೆಯ ಇಂಗ್ಲಿಷ್ ಹೆಸರಾದ 'ಪಾಮಿಗ್ರಾನಿಟ್'ಗೆ ಜಾರಿದರು ಎಂಬುದೇ ವಿದ್ವಾಂಸರು ಹೆಚ್ಚಾಗಿ ಒಪ್ಪುವ ವಿವರಣೆ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರು ಬಿಸಿಲಿಗೆ ಸುಟ್ಟ ಕತ್ತು ನೋಡಿ 'ರೂಯ್‌ನೆಕ್' ಎಂದರು, ಅಂದರೆ ಕೆಂಪು ಕತ್ತು.

ಗಮನಿಸಿ, ಇವೆಲ್ಲ ಬಿಳಿಯರು ಬಿಳಿಯರಿಗೇ ಇಟ್ಟ ಹೆಸರು. ಅಣ್ಣತಮ್ಮಂದಿರ ಚೇಷ್ಟೆ ಇದ್ದಂತೆ: ಎದುರಿಗೇ ಕರೆಯಬಹುದು, ಹೆಚ್ಚೆಂದರೆ ಒಂದು ಗುದ್ದು ಬಿದ್ದೀತು. ನಮ್ಮಲ್ಲಿ ಎದುರಿಗೆ ನಿಂತವರು 'ದೊರೆ', 'ದೊರೆಸಾನಿ' ಎನ್ನಲೇಬೇಕಿತ್ತು.

ಹಿಂದಿನಿಂದ ಕರೆಯಲು 'ಪರಂಗಿ' ಇತ್ತು. ಇದರ ಪಯಣ ದೀರ್ಘ. ಯುರೋಪಿನ ಫ್ರ್ಯಾಂಕ್ ಜನರ ಹೆಸರು ಕ್ರೈಸ್ತ-ಮುಸ್ಲಿಂ ಧರ್ಮಯುದ್ಧಗಳ ಕಾಲದಲ್ಲಿ ಅರಬರ ಬಾಯಲ್ಲಿ ಯುರೋಪಿನವರೆಲ್ಲರ ಹೆಸರಾಯಿತು. ಪರ್ಷಿಯನ್ನಿನ 'ಫರಂಗಿ'ಯಾಗಿ ಇತ್ತ ಬಂತು. ಇಲ್ಲಿ ಮೊದಲು ಪೋರ್ಚುಗೀಸರಿಗೆ, ಆಮೇಲೆ ಇಂಗ್ಲಿಷರಿಗೆ ಅಂಟಿತು. ಅವರು ತಂದದ್ದಕ್ಕೂ ಅದೇ ಹೆಸರು. ಅಮೆರಿಕ ಖಂಡದಿಂದ ಬಂದ ಹಣ್ಣು ಪರಂಗಿ ಹಣ್ಣು, ತೋಪು ಫಿರಂಗಿ. 16ನೇ ಶತಮಾನದ 'ಭಾವಪ್ರಕಾಶ'ವೆಂಬ ಆಯುರ್ವೇದ ಗ್ರಂಥದಲ್ಲಿ ಒಂದು ಲೈಂಗಿಕ ರೋಗಕ್ಕೆ ಫಿರಂಗರೋಗವೆಂದೇ ಹೆಸರು. ಹಣ್ಣು, ತೋಪು, ಹುಣ್ಣು: ವಸಾಹತಿನ ಇತಿಹಾಸವನ್ನು ಇದಕ್ಕಿಂತ ಚುಟುಕಾಗಿ ಯಾರೂ ಬರೆದಂತಿಲ್ಲ.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಲ್ಲ. ನಾವು ಸೀಮೆಎಣ್ಣೆ, ಸೀಮೆಸುಣ್ಣ ಎಂದಂತೆ ಉತ್ತರದವರು ಪರದೇಶದ ಸರಕಿಗೆಲ್ಲ 'ವಿಲಾಯತಿ' ಎನ್ನುತ್ತಿದ್ದರು. ಇಲ್ಲಿದ್ದ ಬ್ರಿಟಿಷ್ ಸೈನಿಕರು ಅದನ್ನು ಕೇಳಿಸಿಕೊಂಡು 'ಬ್ಲೈಟಿ' ಎಂದು ತಿರುಚಿ ತಮ್ಮ ತಾಯ್ನಾಡಿಗೇ ಇಟ್ಟುಕೊಂಡರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ, ಪ್ರಾಣ ತೆಗೆಯದೆ ಊರಿಗೆ ಕಳಿಸುವಷ್ಟು ಮಾತ್ರ ದೊಡ್ಡದಾದ ಗಾಯಕ್ಕೂ 'ಬ್ಲೈಟಿ' ಎಂದೇ ಹೆಸರು. ಅಂಥ ಗಾಯಕ್ಕಾಗಿ ಹಂಬಲಿಸಿದವರೂ ಇದ್ದರು.