ದುಡಿಯುವ ತಾಯಿಗೆ ಹೆಗಲು ಕೊಡೋಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಇಂದು ತುಮಕೂರಿನ ಆಸ್ಪತ್ರೆ, ಬ್ಯಾಂಕು, ಅಂಗಡಿಗಳಲ್ಲಿ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಗುಬ್ಬಿ, ಕುಣಿಗಲ್ ಕಡೆಯಿಂದ ಬೆಳಗಿನ ಬಸ್ಸಿಗೆ ಓಡಿ ಬರುವ ತಾಯಂದಿರು ಎಷ್ಟೋ ಮಂದಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಬಸ್ಸಿನ ಟಿಕೆಟ್ ಹಣವೇನೋ ಉಳಿಯಿತು. ಮಗುವನ್ನು ಯಾರ ಕೈಗೆ ಕೊಟ್ಟು ಬಸ್ಸು ಹತ್ತುವುದು ಎಂಬ ಚಿಂತೆ ಮಾತ್ರ ಹಾಗೇ ಇದೆ.

ಲೆಕ್ಕ ಹಾಕಿ ನೋಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಬಂತು. ಅಂದರೆ ಆರು ತಿಂಗಳು. ಅಂಗನವಾಡಿಯಲ್ಲಿ ಮಗುವನ್ನು ಕೂರಿಸುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಮಗು ಎಲ್ಲಿರಬೇಕು? 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಕಾನೂನು ಹೇಳುತ್ತದೆ. ಅಡಿಕೆ ಸುಲಿಯಲು, ಮನೆಗೆಲಸಕ್ಕೆ ಹೋಗುವ ತಾಯಿಗೆ ರಜೆಯೂ ಇಲ್ಲ, ಕೇಂದ್ರವೂ ಇಲ್ಲ.

ಮನೆಯಲ್ಲಿ ಅಜ್ಜಿ ಇದ್ದರೆ ಸರಿ. ಇಲ್ಲದಿದ್ದರೆ ಆ ಭಾರ ಎಂಟನೆಯ ತರಗತಿಯ ಅಕ್ಕನ ಸೊಂಟಕ್ಕೆ ಬರುತ್ತದೆ. ನಾನೂ ಈಗ ಶಿಕ್ಷಕಿ. "ತಮ್ಮನ್ನ ನೋಡ್ಕೊಳ್ಳೋರು ಯಾರೂ ಇರ್ಲಿಲ್ಲ ಮಿಸ್" ಎಂಬ ಉತ್ತರವನ್ನು ಹಾಜರಿ ಕೂಗುವಾಗ ಕೇಳಿದ್ದೇನೆ. ಹಾಗೆ ಉತ್ತರಿಸಿದವರಲ್ಲಿ ಒಬ್ಬನೂ ಹುಡುಗನಿರಲಿಲ್ಲ. ತಾಯಿ ಸಂಬಳ ತರಲೆಂದು ಮಗಳು ಪಾಠ ಬಿಟ್ಟರೆ, ನಾಳೆ ಆ ಮಗಳಿಗೆ ಯಾವ ಕೆಲಸ ಸಿಕ್ಕೀತು?

ತಾಯಿಯನ್ನು ಸಹನಾಮೂರ್ತಿ ಎಂದು ಹೊಗಳುವುದು ಸುಲಭ. ಸಂಜೆ ಅವಳು ಬರುವ ಹೊತ್ತಿಗೆ ಅನ್ನಕ್ಕಿಟ್ಟಿದ್ದರೆ ಅದು ಹೊಗಳಿಕೆಗಿಂತ ದೊಡ್ಡದು. ಹುಡುಗರೇ, ಅಡುಗೆ, ಪಾತ್ರೆ, ಮಗು ಎತ್ತಿಕೊಳ್ಳುವುದು ನಿಮ್ಮ ಕೆಲಸವೂ ಹೌದು. ತಂದೆಯರೇ, ದುಡಿದು ದಣಿಯುವುದು ಇಬ್ಬರಿಗೂ ಒಂದೇ.

ಪುಟ್ಟ ಮಕ್ಕಳಿಗೆಂದೇ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆ ತಂದಿದೆ. ನಮ್ಮೂರಲ್ಲಿ ಅದು ತೆರೆದಿದೆಯೇ, ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ ಎಂದು ಗ್ರಾಮಸಭೆಯಲ್ಲಿ ಕೇಳೋಣ. ಪದೇ ಪದೇ ಗೈರಾಗುವ ಹುಡುಗಿಯ ಮನೆಗೆ ಎಸ್‌ಡಿಎಂಸಿ ಸದಸ್ಯರೂ ಹಳೆಯ ವಿದ್ಯಾರ್ಥಿಗಳೂ ಹೋಗಿ ಬರೋಣ. ಐವತ್ತು ತುಂಬಿದ ಶಾಲೆಗೆ ನಾವು ಕೊಡಬಹುದಾದ ಒಳ್ಳೆಯ ಕಾಣಿಕೆ ಇದು.