ಹಳೇ ಟ್ರ್ಯಾಕ್ಟರಿನ ಕರೆಂಟು: ನಾವೇ ನೋಡಿಕೊಳ್ಳುವುದು ಹೇಗೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಸಿಂಗಟಗೆರೆಯಲ್ಲಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ಒಡೆಯದಂತೆ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಹಾಕಿದ ಬೀಜದ ಒಂದು ಕುಡಿ ಇದು. ಸಹಕಾರದ ಹಿರಿಮೆ ಹೇಳೋದಕ್ಕೆ ನನಗಿಂತ ತಿಳಿದವರು ಈ ವೇದಿಕೆ ಮೇಲೇ ಇದ್ದಾರೆ. ನಾನು ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡಿಕೊಂಡು ಬಂದವನು. ನನಗೆ ಗೊತ್ತಿರೋದು ಬ್ಯಾಟರಿ, ಸೆಲ್ಫು, ವೈರು. ಅದನ್ನೇ ಹೇಳಿ ಅಂತ ಸಂಘದವರು ಹೇಳಿದ್ದಾರೆ, ಹೇಳ್ತೀನಿ.

ನಮ್ಮ ಸೀಮೆಯ ಬೇಸಾಯ ಏನಿದ್ದರೂ ಹದದ ಮೇಲೆ. ಕಡೂರು ಬಯಲಿನಲ್ಲಿ ಮಳೆ ಬರೋದೇ ಅಪರೂಪ, ಬಂದರೆ ಹದ ಎರಡು ದಿನ, ಹೆಚ್ಚೆಂದರೆ ಮೂರು ದಿನ. ಆ ದಿನ ಬೆಳಗ್ಗೆ ಕೀಲಿ ತಿರುಗಿಸಿದರೆ ಟ್ರ್ಯಾಕ್ಟರು 'ಟಿಕ್' ಅಂದು ಸುಮ್ಮನಾದರೆ, ಮಳೆಯೂ ಕಾಯಲ್ಲ, ಮೆಕ್ಯಾನಿಕ್ಕೂ ಸಿಗಲ್ಲ. ಅದೇ ದಿನ ಎಲ್ಲರ ಗಾಡಿಯೂ ಕೆಟ್ಟಿರುತ್ತೆ, ಕಡೂರು ಬೀರೂರಿನ ಮೆಕ್ಯಾನಿಕ್ ಯಾರ ಮನೆಗೆ ಅಂತ ಬಂದಾನು? ಗಾಡಿಯ ಸಾಲದ ಕಂತು ಮಾತ್ರ ಯಾವ ಹದವನ್ನೂ ಕೇಳದೆ ಬರುತ್ತೆ.

ಹೊಸ ಗಾಡಿಯ ವಿಷಯ ನಾನು ಹೇಳ್ತಿಲ್ಲ. ಅವಕ್ಕೆ ಕಂಪನಿ ಇದೆ, ವಾರಂಟಿ ಇದೆ. ನಾನು ಹೇಳೋದು ಕೈಯಿಂದ ಕೈಗೆ ಬಂದ ಹಳೇ ಗಾಡಿಗಳ ಮಾತು. ಎಚ್‌ಎಂಟಿ ಟ್ರ್ಯಾಕ್ಟರನ್ನೇ ತಗೊಳ್ಳಿ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, ಜೆಕೊಸ್ಲೊವಾಕಿಯದ ಜೆಟರ್ ಜೊತೆ ಸೇರಿ 1971ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡೋಕೆ ಶುರುಮಾಡಿತು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗ ಮುಚ್ಚೋ ತೀರ್ಮಾನ ಮಾಡಿತು. ಕಾರ್ಖಾನೆ ನಿಂತರೂ ಗಾಡಿ ಹೊಲದಲ್ಲಿ ಓಡ್ತಾನೇ ಇರುತ್ತೆ. ಅಂಥ ಗಾಡಿಗೆ ಯಜಮಾನನೇ ಮೆಕ್ಯಾನಿಕ್ ಆಗಬೇಕು, ಬೇರೆ ದಾರಿ ಇಲ್ಲ.

ಒಂದು ವಿಚಿತ್ರ ಗಮನಿಸಿ. ಹಳೇ ಡೀಸೆಲ್ ಎಂಜಿನ್ ಒಂದು ಸಲ ಹತ್ತಿಕೊಂಡರೆ ಅದಕ್ಕೆ ಕರೆಂಟೇ ಬೇಡ. ಪಂಪು ಡೀಸೆಲ್ ಒತ್ತುತ್ತೆ, ಒತ್ತಡದ ಬಿಸಿಗೆ ಹತ್ತಿಕೊಳ್ಳುತ್ತೆ. ಪೆಟ್ರೋಲ್ ಎಂಜಿನ್ನಾದರೆ ಕಿಡಿ ಬೇಕು, ಕರೆಂಟು ಹೋದ ಕೂಡಲೇ ನಿಂತು ಎಚ್ಚರ ಕೊಡುತ್ತೆ. ಡೀಸೆಲ್ ಹಾಗಲ್ಲ. ಡೈನಮೋ ಸತ್ತು ತಿಂಗಳಾಗಿದ್ದರೂ ಗಾಡಿ ಓಡ್ತಿರುತ್ತೆ. 'ಓಡ್ತಿದೆಯಲ್ಲ ಬಿಡು' ಅಂತ ನಾವೂ ಬಿಟ್ಟಿರ್ತೀವಿ. ಕಡೆಗೆ ಬ್ಯಾಟರಿಯ ಕೊನೇ ಉಸಿರು ಹೋಗೋದು ಬಿತ್ತನೆ ದಿನವೇ.

ಈಗ ಬ್ಯಾಟರಿ. ಹನ್ನೆರಡು ವೋಲ್ಟಿನ ಬ್ಯಾಟರಿ ಅಂದರೆ ಆರು ಕೋಣೆ, ಒಂದೊಂದಕ್ಕೂ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಗಾಡಿ ರಾತ್ರಿಯೆಲ್ಲಾ ನಿಂತಿದ್ದ ಮೇಲೆ ಬೆಳಗ್ಗೆ ಮೀಟರ್ ಹಿಡಿದರೆ 12.6 ತೋರಿಸಬೇಕು, ಅದು ತುಂಬಿದ ಬ್ಯಾಟರಿ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗೆ ಬಂದಿದ್ದರೆ ಖಾಲಿ ಅಂತಲೇ ತಿಳಿಯಿರಿ. 'ಹನ್ನೆರಡು ವೋಲ್ಟ್ ತೋರಿಸ್ತಿದೆಯಲ್ಲ, ಸರಿಯಾಗಿದೆ' ಅಂತ ಬಹಳ ಜನ ಹೇಳ್ತಾರೆ. ಸರಿಯಿಲ್ಲ. ಹೈಡ್ರೋಮೀಟರ್ ಇದ್ದರೆ ಇನ್ನೂ ಒಳ್ಳೇದು. ಆರೂ ಕೋಣೆಯಲ್ಲಿ 1.250ರ ಆಸುಪಾಸು ಅಥವಾ ಮೇಲೆ ಬರಬೇಕು. ಐದರಲ್ಲಿ ಚೆನ್ನಾಗಿದ್ದು ಒಂದರಲ್ಲಿ ಮಾತ್ರ ತೀರಾ ಕಡಿಮೆ ಬಂದರೆ ಆ ಕೋಣೆ ಹೋಗಿದೆ, ಬ್ಯಾಟರಿ ಬದಲಾಯಿಸಬೇಕು. ಆರರಲ್ಲೂ ಸಮನಾಗಿ ಕಡಿಮೆ ಇದ್ದರೆ ಬ್ಯಾಟರಿಯದು ತಪ್ಪಲ್ಲ, ಚಾರ್ಜ್ ಆಗ್ತಿಲ್ಲ ಅಷ್ಟೆ. ಇದೊಂದು ಗೊತ್ತಿದ್ದರೆ ಸುಮ್ಮನೆ ಹೊಸ ಬ್ಯಾಟರಿಗೆ ದುಡ್ಡು ಸುರಿಯೋದು ತಪ್ಪುತ್ತೆ.

ನೀರು ಪ್ಲೇಟಿನ ಮೇಲೆ ಒಂದು ಸೆಂಟಿಮೀಟರ್ ನಿಲ್ಲಬೇಕು. ಹಾಕಬೇಕಾದ್ದು ಡಿಸ್ಟಿಲ್ ವಾಟರ್ ಮಾತ್ರ. ಬೋರಿನ ನೀರು ಕುದಿಸಿ ಆರಿಸಿದರೂ ಆಗಲ್ಲ, ನಮ್ಮ ಬೋರಿನ ನೀರಿನಲ್ಲಿ ಪಾತ್ರೆ ತಳಕ್ಕೆ ಕಟ್ಟುವ ಸುಣ್ಣ ಎಷ್ಟಿದೆ ಅಂತ ತಾಯಂದಿರನ್ನು ಕೇಳಿ. ನೀರು ಕಮ್ಮಿಯಾಯ್ತು ಅಂತ ಆಸಿಡ್ ಹಾಕೋದೂ ಬೇಡ. ಆವಿಯಾಗಿ ಹೋಗೋದು ನೀರು, ಆಸಿಡ್ ಅಲ್ಲೇ ಇರುತ್ತೆ. ರಾಗಿ ಒಕ್ಕಣೆ ಮುಗಿದ ಮೇಲೆ ಮುಂಗಾರಿನ ತನಕ ಗಾಡಿ ಮೂಲೆಗೆ ಬಿದ್ದಿರುತ್ತಲ್ಲ, ಬ್ಯಾಟರಿ ಸಾಯೋದು ಆವಾಗಲೇ. ತಿಂಗಳಿಗೊಂದು ಸಲ ಚಾರ್ಜ್ ಹಾಕಿಸಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತೆ. ನೀರು ಎಷ್ಟಿದೆ ನೋಡೋಕೆ ಬೆಂಕಿಕಡ್ಡಿ ಗೀರಬೇಡಿ, ಬಾಯಲ್ಲಿ ಬೀಡಿ ಇಟ್ಟುಕೊಂಡು ಬಗ್ಗಬೇಡಿ. ಬ್ಯಾಟರಿ ಸಿಡಿದರೆ ಮುಖಕ್ಕೆ ಬರೋದು ಆಸಿಡ್. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರಲ್ಲಿ ತೊಳೀತಾ ಇದ್ದು, ಆಮೇಲೆ ಆಸ್ಪತ್ರೆಗೆ ಓಡಬೇಕು.

ಬ್ಯಾಟರಿ ಬಿಚ್ಚುವಾಗ ಮೊದಲು ಅರ್ಥ್ ಬಿಚ್ಚಿ, ಹಾಕುವಾಗ ಕೊನೆಗೆ ಅರ್ಥ್ ಹಾಕಿ. ಕಾರಣ ಸುಲಭ. ಗಾಡಿಯ ಕಬ್ಬಿಣವೆಲ್ಲಾ ಅರ್ಥಿಗೆ ಸೇರಿದೆ. ಅರ್ಥ್ ಇರುವಾಗಲೇ ಇನ್ನೊಂದು ತಂತಿ ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿತೋ, ವೆಲ್ಡಿಂಗ್ ಕಿಡಿ ಹಾರಿದ ಹಾಗೆ ಹಾರುತ್ತೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ.

ಇನ್ನು 'ಟಿಕ್' ಅನ್ನುವ ಸದ್ದು. ಗಾಡಿ ತಾನೇ ತನ್ನ ಕಾಯಿಲೆ ಹೇಳುತ್ತೆ, ಕೇಳೋ ಕಿವಿ ಬೇಕು. ಕೀಲಿ ತಿರುಗಿಸಿದರೆ 'ಟಕಟಕಟಕ' ಅಂತ ಹೊಡ್ಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಲಗ್ ಸಡಿಲ. ಒಂದೇ ಸಲ 'ಟಿಕ್' ಅಂದು ಸುಮ್ಮನಾದರೆ ದಪ್ಪ ಕೇಬಲ್ಲು, ಸಾಲಿನಾಯ್ಡಿನ ಒಳಗಿನ ಕಾಂಟ್ಯಾಕ್ಟು, ಅಥವಾ ಸೆಲ್ಫಿನ ಕಾರ್ಬನ್ ನೋಡಬೇಕು. ಏನೂ ಸದ್ದೇ ಇಲ್ಲ ಅಂದರೆ ಕೀಲಿ ಸ್ವಿಚ್ಚು, ಸಣ್ಣ ವೈರು, ಸೇಫ್ಟಿ ಸ್ವಿಚ್ಚು. ಸೆಲ್ಫು 'ಗುಂಯ್' ಅಂತ ತಿರುಗಿ ಎಂಜಿನ್ ಮಾತ್ರ ತಿರುಗದಿದ್ದರೆ ಪಿನಿಯನ್ ಹಲ್ಲು ಕಚ್ಚುತ್ತಿಲ್ಲ.

ಹೆಚ್ಚಿನ ಸಲ ತಪ್ಪು ಇರೋದು ಲಗ್ಗಿನಲ್ಲೇ. ಎರಡು ಹೆಡ್‌ಲೈಟ್ ಹಾಕಿದರೆ ಹತ್ತು ಆಂಪಿಯರ್ ಹರಿಯುತ್ತೆ. ಸೆಲ್ಫ್ ತಿರುಗುವಾಗ ಇನ್ನೂರು ಮುನ್ನೂರು ಆಂಪಿಯರ್. ಲಗ್ಗಿನ ಮೇಲೆ ಬಿಳೀ ಹಸಿರು ಪುಡಿ ಕೂತು ಒಂದು ಓಮಿನಲ್ಲಿ ನೂರರ ಒಂದು ಪಾಲು ತಡೆ ಬಂದರೂ ಸಾಕು, ಮುನ್ನೂರು ಆಂಪಿಯರಿಗೆ ಮೂರು ವೋಲ್ಟು ಅಲ್ಲೇ ಬಿಸಿಯಾಗಿ ಹೋಯಿತು. ಅದಕ್ಕೇ ಲೈಟು ಜೋರಾಗಿ ಉರಿಯುತ್ತೆ, ಸೆಲ್ಫು ಮಾತ್ರ ತಿರುಗಲ್ಲ. 'ಲೈಟ್ ಉರೀತಿದೆ, ಹಾಗಾಗಿ ಸೆಲ್ಫೇ ಹೋಗಿದೆ' ಅನ್ನೋ ತೀರ್ಮಾನ ಇಲ್ಲೇ ತಪ್ಪೋದು. ಇದೇ ತೀರ್ಮಾನದ ಮೇಲೆ ಒಬ್ಬರಿಗೆ ಒಂದು ವರ್ಕ್‌ಶಾಪಿನಲ್ಲಿ ಸೆಲ್ಫೂ ಬದಲಾಯಿಸಿ ಬ್ಯಾಟರಿಯೂ ಬದಲಾಯಿಸಿ ಕಳಿಸಿದ್ದರು. ಗಾಡಿ ಮತ್ತೆ ನಿಂತು ನನ್ನ ಹತ್ತಿರ ಬಂದಾಗ ನೋಡಿದರೆ, ಗೇರ್ ಬಾಕ್ಸಿಗೆ ಕಚ್ಚಿಸಿದ್ದ ಅರ್ಥ್ ಪಟ್ಟಿಯ ಕೆಳಗೆ ಬಣ್ಣ ಮತ್ತು ತುಕ್ಕು. ಉಜ್ಜಿ ಕೂರಿಸಿದ್ದು ಅಷ್ಟೇ, ಬೇರೆ ಏನೂ ಮಾಡಲಿಲ್ಲ.

ಇದನ್ನು ಮೀಟರಿನಲ್ಲಿ ಹಿಡಿಯೋದು ಹೀಗೆ. ಡೀಸೆಲ್ ಸ್ಟಾಪ್ ಎಳೆದಿಟ್ಟು, ಗಾಡಿ ನ್ಯೂಟ್ರಲ್ಲಿನಲ್ಲಿಟ್ಟು, ಒಬ್ಬರು ಸೀಟಿನಲ್ಲಿ ಕೂತು ಸೆಲ್ಫ್ ಹೊಡೀಬೇಕು. ಇನ್ನೊಬ್ಬರು ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಕಡ್ಡಿ ಅದೇ ಕಂಬಕ್ಕೆ ಹಾಕಿರುವ ಲಗ್ಗಿಗೆ ಹಿಡೀಬೇಕು. ಎರಡೂ ಒಂದಕ್ಕೊಂದು ಅಂಟಿಕೊಂಡಿರೋವು, ಮೀಟರ್ ಸೊನ್ನೆ ಹತ್ತಿರ ಇರಬೇಕು. ಅರ್ಧ ವೋಲ್ಟು, ಒಂದು ವೋಲ್ಟು ತೋರಿಸಿದರೆ ಕಳ್ಳ ಸಿಕ್ಕಿದ. ಹಾಗೇ ಬ್ಯಾಟರಿಯ ಅರ್ಥ್ ಕಂಬದಿಂದ ಎಂಜಿನ್ನಿನ ಕಬ್ಬಿಣಕ್ಕೂ ಹಿಡಿದು ನೋಡಿ. ಪುಡಿ ಕೂತಿದ್ದರೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಸೋಡಾ ನೀರು ಬ್ಯಾಟರಿ ಒಳಗೆ ಹೋಗದ ಹಾಗೆ ಬಿರಡೆ ಬಿಗಿ ಮಾಡಿರಬೇಕು, ಒರೆಸಿ, ಸ್ಯಾಂಡ್ ಪೇಪರಿನಲ್ಲಿ ಹೊಳೆಯೋ ಹಾಗೆ ಉಜ್ಜಿ ಬಿಗಿದು, ಆಮೇಲೆ ಮೇಲಿಂದ ಗ್ರೀಸ್ ಸವರಿ. ಗ್ರೀಸ್ ಮೊದಲು ಹಚ್ಚಿ ಆಮೇಲೆ ಬಿಗಿಯೋದಲ್ಲ.

ಈಗ ಹೇಳೋ ಮಾತನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಕೀಲಿ ಕೆಲಸ ಮಾಡದಿದ್ದಾಗ ಕೆಳಗೆ ನಿಂತು ಸೆಲ್ಫಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸ್ಟಾರ್ಟ್ ಮಾಡೋದು ನಮ್ಮ ಹುಡುಗರಿಗೆ ಒಂದು ಕಲೆ ಆಗಿಬಿಟ್ಟಿದೆ. ಬಹಳ ಗಾಡಿಗಳಲ್ಲಿ ಕ್ಲಚ್ ತುಳಿದರೆ ಮಾತ್ರ, ಅಥವಾ ನ್ಯೂಟ್ರಲ್ಲಿನಲ್ಲಿದ್ದರೆ ಮಾತ್ರ ಸೆಲ್ಫ್ ಹೊಡೆಯುವ ಹಾಗೆ ಸ್ವಿಚ್ ಇಟ್ಟಿರ್ತಾರೆ. ಸ್ಕ್ರೂಡ್ರೈವರ್ ಆ ಸ್ವಿಚ್ಚನ್ನು ದಾಟಿಬಿಡುತ್ತೆ. ಗಾಡಿ ಗೇರಿನಲ್ಲಿದ್ದರೆ ಹತ್ತಿಕೊಂಡ ಕ್ಷಣವೇ ಮುಂದಕ್ಕೆ ಹೊರಡುತ್ತೆ. ಸ್ಟಾರ್ಟ್ ಮಾಡಿದವನು ನಿಂತಿರೋದು ಎಲ್ಲಿ? ಮುಂದಿನ ಚಕ್ರ ಹಿಂದಿನ ಚಕ್ರದ ನಡುವೆ. ಹಿಂದಿನ ದೊಡ್ಡ ಚಕ್ರ ಅವನ ಮೇಲೇ ಹತ್ತುತ್ತೆ. ತಪ್ಪಿಸಿಕೊಳ್ಳೋಕೆ ಎರಡು ಸೆಕೆಂಡೂ ಇರಲ್ಲ. ಟ್ರ್ಯಾಕ್ಟರ್ ಇರುವ ದೇಶಗಳಲ್ಲೆಲ್ಲಾ ಹೀಗೆ ಜನ ಸತ್ತಿದ್ದಾರೆ. ಸ್ವಿಚ್ ಕೆಟ್ಟಿದ್ದರೆ ಹೊಸದು ಹಾಕಿಸಿ, ಅಲ್ಲಿಯವರೆಗೂ ಗಾಡಿ ನಿಲ್ಲಲಿ. ಆ ಸ್ವಿಚ್ಚಿನ ವೈರು ಎರಡನ್ನೂ ಸೇರಿಸಿ ಗಂಟು ಹಾಕಿ ಅಂತ ನನ್ನ ಹತ್ತಿರ ಬಂದವರಿಗೆ ನಾನು ಮಾಡಿಕೊಟ್ಟಿಲ್ಲ. ಬೈದುಕೊಂಡು ಹೋಗಿದ್ದಾರೆ, ಹೋಗಲಿ.

ಚಾರ್ಜಿಂಗ್ ನೋಡೋದು ಸುಲಭ. ಎಂಜಿನ್ ಸ್ವಲ್ಪ ಜೋರು ಮಾಡಿ ಬ್ಯಾಟರಿಗೆ ಮೀಟರ್ ಹಿಡಿದರೆ 13.8ರಿಂದ 14.4 ಬರಬೇಕು. 12ರಲ್ಲೇ ನಿಂತಿದ್ದರೆ ಮೊದಲು ಬೆಲ್ಟ್ ಒತ್ತಿ ನೋಡಿ, ಆಮೇಲೆ ಕಾರ್ಬನ್, ಆಮೇಲೆ ರೆಗ್ಯುಲೇಟರ್ ಅಥವಾ ಕಟೌಟ್. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ, ಬ್ಯಾಟರಿ ನೀರು ಕುದಿದು ಬತ್ತುತ್ತೆ. ಮೀಟರ್ ಇಲ್ಲದಿದ್ದರೆ ಸಂಜೆ ಹೆಡ್‌ಲೈಟ್ ಹಾಕಿ ರೈಸ್ ಮಾಡಿ, ಬೆಳಕು ಏರಿದರೆ ಚಾರ್ಜ್ ಬರ್ತಿದೆ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಎಂಜಿನ್ ಓಡುವಾಗ ಬ್ಯಾಟರಿ ತಂತಿ ತೆಗೆದು ಪರೀಕ್ಷೆ ಮಾಡೋ ಹಳೇ ಅಭ್ಯಾಸ ಬಿಡಿ, ಒಳಗಿನ ಡಯೋಡ್ ಸುಡುತ್ತೆ. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಬಿಚ್ಚಿಡಿ.

ಫ್ಯೂಸಿನ ವಿಷಯ ಎರಡೇ ಮಾತು. ಫ್ಯೂಸ್ ಇರೋದು ಬಲ್ಬ್ ಉಳಿಸೋಕೆ ಅಲ್ಲ, ವೈರು ಸುಡದ ಹಾಗೆ ಕಾಯೋಕೆ. ಸಿಗರೇಟಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತಿದರೆ ಫ್ಯೂಸಿನ ಬದಲು ವೈರೇ ಸುಡುತ್ತೆ. ಗಾಡಿ ನಿಂತಿರೋದು ಹುಲ್ಲಿನ ಬಣವೆ ಪಕ್ಕ. ರಾಗಿ ಇಟ್ಟ ಶೆಡ್ಡಿನಲ್ಲಿ ಇಲಿ ಇದ್ದೇ ಇರುತ್ತೆ, ಅದು ವೈರಿನ ಸಿಪ್ಪೆ ಕಡಿದೇ ಕಡಿಯುತ್ತೆ. ಆಗ ನಿಮ್ಮ ಮನೆ ಕಾಯೋದು ಆ ಸಣ್ಣ ಫ್ಯೂಸೊಂದೇ.

ಟ್ರೇಲರಿನ ಹಿಂದಿನ ದೀಪಕ್ಕೆ ಬರೋಣ. ಇದಕ್ಕೊಂದು ದೋಣಿಯ ಮಾತು ಹೇಳಬೇಕು. ತರೀಕೆರೆ ಕಡೆ ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡೋ ಮೋಟಾರು ದೋಣಿಗಳನ್ನು ನೀವು ನೋಡಿರಬಹುದು. ಇಂಥ ದೋಣಿಯಲ್ಲೂ ಸಾಮಾನ್ಯವಾಗಿ ಅದೇ ಹನ್ನೆರಡು ವೋಲ್ಟು, ಅದೇ ಬ್ಯಾಟರಿ. ಆದರೆ ಫೈಬರಿನ ದೋಣಿಗೆ ಕಬ್ಬಿಣದ ಬಾಡಿ ಇಲ್ಲ, ಅರ್ಥ್ ಮಾಡೋದು ಎಲ್ಲಿಗೆ? ಅದಕ್ಕೆ ಒಂದೊಂದು ದೀಪಕ್ಕೂ ಹೋಗೋ ವೈರು, ಬರೋ ವೈರು ಎರಡೂ ಎಳೀತಾರೆ. ಒಳ್ಳೇ ಕೆಲಸವಾದರೆ ತವರ ಲೇಪಿಸಿದ ತಾಮ್ರದ ವೈರು ಹಾಕಿ, ಜಾಯಿಂಟನ್ನು ನೀರು ಹೋಗದ ಹಾಗೆ ಮುಚ್ಚುತ್ತಾರೆ. ನೀರಿನ ಮೇಲೆ ಇರೋರಿಗೆ ಬೇರೆ ದಾರಿ ಇಲ್ಲ.

ನಾವು ಟ್ರೇಲರಿಗೆ ಒಂದೇ ವೈರು ಎಳೆದು, ಬರೋ ದಾರಿಗೆ ಕೊಕ್ಕೆಯ ಪಿನ್ನನ್ನು ನಂಬಿರ್ತೀವಿ. ಪಿನ್ನಿಗೆ ಗ್ರೀಸು, ಮಣ್ಣು, ತುಕ್ಕು. ಗುಂಡಿಗೆ ಇಳಿದಾಗ ದೀಪ ಹತ್ತುತ್ತೆ, ಹತ್ತಿದಾಗ ಆರುತ್ತೆ. ದೋಣಿಯವರ ಹಾಗೆ ಟ್ರೇಲರಿಗೂ ಅರ್ಥಿನ ವೈರನ್ನು ಬೇರೆಯಾಗಿ ಎಳೆದುಕೊಳ್ಳಿ. ಎಳೆಯೋ ಮುಂಚೆ ಟೆಸ್ಟ್ ಲ್ಯಾಂಪಿನಲ್ಲಿ ನೋಡಿ. ಹನ್ನೆರಡು ವೋಲ್ಟಿನ ಬಲ್ಬಿಗೆ ಎರಡು ತುಂಡು ವೈರು ಕಟ್ಟಿದರೆ ಅದೇ ಟೆಸ್ಟ್ ಲ್ಯಾಂಪು. ಒಂದು ತುದಿ ಹೋಲ್ಡರಿಗೆ ಬರುವ ವೈರಿಗೆ, ಇನ್ನೊಂದು ತುದಿ ಟ್ರೇಲರಿನ ಕೆರೆದ ಕಬ್ಬಿಣಕ್ಕೆ ಹಿಡಿಯಿರಿ. ಉರಿಯದಿದ್ದರೆ ಅದೇ ತುದಿಯನ್ನು ಉದ್ದ ವೈರಿನಿಂದ ಎಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿ. ಈಗ ಉರಿದರೆ ಕರೆಂಟು ಬರ್ತಿದೆ, ಅರ್ಥ್ ಮಾತ್ರ ಇಲ್ಲ ಅಂತ ಗೊತ್ತಾಯ್ತು.

ದೀಪವಿಲ್ಲದ ಟ್ರೇಲರ್ ರಾತ್ರಿ ರಸ್ತೆ ಮೇಲೆ ಹೋಗುವಾಗ ಹಿಂದಿನಿಂದ ಬರುವ ಬೈಕಿನವನಿಗೆ ಕಾಣೋದು ಕತ್ತಲೆ ಮಾತ್ರ. ಎದುರಿಂದ ಬಸ್ಸಿನ ಲೈಟು ಕಣ್ಣಿಗೆ ಹೊಡೆದಿರುತ್ತೆ. ತೆಂಗಿನಕಾಯಿ ತುಂಬಿಕೊಂಡು, ಗೊಬ್ಬರ ತುಂಬಿಕೊಂಡು ಹೊರಡೋ ಮುಂಚೆ ಹಿಂದೆ ಹೋಗಿ ಒಂದು ಸಲ ನೋಡಿ. ವೈರು ಕೈ ಕೊಟ್ಟರೂ ಕೈ ಕೊಡದ್ದು ಕೆಂಪು ರಿಫ್ಲೆಕ್ಟರು, ಅದಕ್ಕೆ ಕರೆಂಟು ಬೇಡ. ಕಾನೂನೂ ಅದನ್ನು ಕೇಳುತ್ತೆ. ಕೆಸರು ಒರೆಸಿಡಬೇಕು ಅಷ್ಟೆ.

ಕೊನೆಗೆ ಸಂಘಕ್ಕೆ ನನ್ನ ಒಂದು ಅರ್ಜಿ. ಒಬ್ಬೊಬ್ಬರೂ ಹೈಡ್ರೋಮೀಟರ್, ಬ್ಯಾಟರಿ ಚಾರ್ಜರ್, ಲಗ್ ಒತ್ತುವ ಇಕ್ಕಳ ಕೊಳ್ಳೋದು ದಂಡ. ವರ್ಷಕ್ಕೆ ನಾಲ್ಕು ದಿನ ಬೇಕಾಗೋ ಸಾಮಾನು. ಗೊಬ್ಬರದ ಗೋಡೌನಿನ ಒಂದು ಮೂಲೆಯಲ್ಲಿ ಇವನ್ನೂ, ಒಂದು ಮಲ್ಟಿಮೀಟರನ್ನೂ, ಡಿಸ್ಟಿಲ್ ವಾಟರ್ ಕ್ಯಾನನ್ನೂ ಇಟ್ಟು, ಪುಸ್ತಕದಲ್ಲಿ ಬರೆದುಕೊಂಡು ಸದಸ್ಯರಿಗೆ ಕೊಟ್ಟು ವಾಪಸ್ ತಗೊಳ್ಳುವ ಏರ್ಪಾಡು ಮಾಡಬೇಕು. ಚಾರ್ಜರ್ ಮಾತ್ರ ಗಾಳಿಯಾಡೋ ಜಾಗದಲ್ಲಿ, ಗೊಬ್ಬರದ ಚೀಲದಿಂದ ದೂರ ಇಡಿ. ಆಡಳಿತ ಮಂಡಲಿ ಒಪ್ಪಿದರೆ ಮುಂಗಾರಿಗೆ ಮುಂಚೆ ಒಂದು ಭಾನುವಾರ ನಾನೇ ಬಂದು ಹುಡುಗರಿಗೆ ಕೈಹಿಡಿದು ತೋರಿಸಿಕೊಡ್ತೀನಿ. ಬರುವವರು ತಮ್ಮ ಗಾಡಿ ತರಲಿ, ಟ್ರೇಲರನ್ನೂ ಬಿಚ್ಚದೆ ಜೊತೆಗೇ ತರಲಿ.