ವ್ಯಸನವೂ ಮನೆಯ ಮೌನವೂ



ಇಂದಿನ ಮಾತಿಗೆ ದೂರದೇಶದ ಒಂದು ಏಕವ್ಯಕ್ತಿ ರಂಗಪ್ರಯೋಗವನ್ನು ಆರಿಸಿಕೊಂಡಿದ್ದೇನೆ. ಅದನ್ನು ಬರೆದು ಆಡಿದವರು ಅಮೆರಿಕದ ನಟಿ, ಲೇಖಕಿ ಕ್ಯಾರಿ ಫಿಶರ್. 1977ರ ‘ಸ್ಟಾರ್ ವಾರ್ಸ್’ ಚಿತ್ರದ ರಾಜಕುಮಾರಿ ಲೇಯಾ ಎಂದರೆ ಇಲ್ಲಿರುವ ಅನೇಕರಿಗೆ ಗುರುತು ಸಿಗುತ್ತದೆ. ತಾಯಿ ಡೆಬ್ಬಿ ರೆನಾಲ್ಡ್ಸ್ ಪ್ರಖ್ಯಾತ ನಟಿ; ತಂದೆ ಎಡ್ಡಿ ಫಿಶರ್ ಪ್ರಖ್ಯಾತ ಗಾಯಕ. ಹಣಕ್ಕಾಗಲಿ ಕೀರ್ತಿಗಾಗಲಿ ಕೊರತೆಯಿಲ್ಲದ ಮನೆತನ. ಆ ಮನೆಯ ಮಗಳು ಹದಿಹರೆಯದಲ್ಲಿಯೇ ಮಾದಕವಸ್ತುಗಳ ರುಚಿ ಕಂಡರು. 1985ರ ಹೊತ್ತಿಗೆ ಅತಿಸೇವನೆಯಿಂದ ಆಸ್ಪತ್ರೆ ಸೇರಿದರು. ಚಿಕಿತ್ಸೆಯ ಆ ದಿನಗಳ ಅನುಭವವೇ 1987ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿಗೆ ಮೂಲದ್ರವ್ಯವಾಯಿತು.

ಬಳಿಕ ಬಂದದ್ದು ‘ವಿಶ್‌ಫುಲ್ ಡ್ರಿಂಕಿಂಗ್’ ಎಂಬ ರಂಗಪ್ರಯೋಗ. 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾಗಿ, 2009ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದಿತು. ಅಲ್ಲಿ ಅದು ನಡೆದ ರಂಗಮಂದಿರ ‘ಸ್ಟುಡಿಯೋ 54’. ಎಪ್ಪತ್ತರ ದಶಕದ ಕೊನೆಯಲ್ಲಿ ಅದೇ ಕಟ್ಟಡ ಮಾದಕದ್ರವ್ಯಗಳಿಗೆ ಕುಖ್ಯಾತವಾದ ನೃತ್ಯಶಾಲೆಯಾಗಿತ್ತು. ಅಮಲಿಗೆ ಹೆಸರಾಗಿದ್ದ ಸ್ಥಳದಲ್ಲಿಯೇ ನಿಂತು ಒಬ್ಬ ಹೆಣ್ಣುಮಗಳು ತನ್ನ ಅಮಲಿನ ಕಥೆಯನ್ನು ಎಚ್ಚರದಿಂದ ಹೇಳಿದಳು.

ಹೇಳಿದ ಬಗೆಯಾದರೂ ಎಂಥದು! ಅಳಲಿಲ್ಲ, ಉಪದೇಶಿಸಲಿಲ್ಲ, ನಗಿಸಿದರು. ವಂಶವೃಕ್ಷದ ದೊಡ್ಡ ಫಲಕವನ್ನು ಮುಂದಿಟ್ಟುಕೊಂಡು ಶಾಲೆಯ ಉಪಾಧ್ಯಾಯಿನಿಯಂತೆ ಕೋಲು ಹಿಡಿದು ತಂದೆತಾಯಿಯರ ಮದುವೆ, ವಿಚ್ಛೇದನ, ಮರುಮದುವೆಗಳನ್ನು ವಿವರಿಸಿದರು. ತಮ್ಮ ಮನೆಯಲ್ಲಿಯೇ ಗೆಳೆಯನೊಬ್ಬ ಮೃತನಾಗಿದ್ದ ಸಂಗತಿಯನ್ನೂ ಮುಚ್ಚಿಡಲಿಲ್ಲ. ತಮಗಿದ್ದ ಬೈಪೋಲಾರ್ ಎಂಬ ಮನೋರೋಗವನ್ನೂ, ಅದಕ್ಕೆ ಪಡೆದ ವಿದ್ಯುತ್ ಚಿಕಿತ್ಸೆಯನ್ನೂ ಸಹಜವಾಗಿ ಹೇಳಿಕೊಂಡರು. ಇತರರು ಪಿಸುಗುಟ್ಟುವ ಮೊದಲೇ ತಾವೇ ಗಟ್ಟಿಯಾಗಿ ಹೇಳಿಬಿಟ್ಟರೆ ಪಿಸುಮಾತಿಗೆ ಬಲವೆಲ್ಲಿ ಉಳಿಯುತ್ತದೆ?

ಈ ಕಥೆಗೆ ಸುಖಾಂತ್ಯವಿಲ್ಲ. 2016ರ ಡಿಸೆಂಬರ್ 27ರಂದು, 60ನೆಯ ವಯಸ್ಸಿನಲ್ಲಿ ಕ್ಯಾರಿ ನಿಧನರಾದರು. ಮರುದಿನವೇ ತಾಯಿಯೂ ತೀರಿಕೊಂಡರು. ಪರೀಕ್ಷೆಯಲ್ಲಿ ಕ್ಯಾರಿಯವರ ದೇಹದಲ್ಲಿ ಮಾದಕವಸ್ತುಗಳ ಅಂಶ ಕಂಡುಬಂದಿತು. ಆಗ ಮಗಳು ಬಿಲ್ಲಿ ಲೂರ್ಡ್ ಅದನ್ನು ಅಲ್ಲಗಳೆಯಲಿಲ್ಲ. ತಾಯಿ ಜೀವನವಿಡೀ ವ್ಯಸನದೊಡನೆ, ಮನೋರೋಗದೊಡನೆ ಹೋರಾಡಿದವರೆಂದೂ, ನಾಚಿಕೆಯೇ ಪರಿಹಾರದ ಶತ್ರುವೆಂದೂ ಬಹಿರಂಗವಾಗಿ ಹೇಳಿದರು. ಚೇತರಿಕೆಯೆಂಬುದು ಒಮ್ಮೆ ಗೆದ್ದು ಮುಗಿಸುವ ಯುದ್ಧವಲ್ಲ. ಮತ್ತೆ ಜಾರಿದವರು ಅಲ್ಲಿಯವರೆಗೆ ಬದುಕಿದ ಎಚ್ಚರದ ದಿನಗಳು ಸುಳ್ಳಾಗುವುದಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ‘ನಮ್ಮ ಅಡುಗೆಮನೆಗೆ ಈರುಳ್ಳಿಯೇ ಬರುವುದಿಲ್ಲ, ಮಾದಕವಸ್ತು ಎಲ್ಲಿಂದ ಬರಬೇಕು?’ ಎಂದು ನಾವು ಹೆಮ್ಮೆಯಿಂದ ಕೇಳುತ್ತೇವೆ. ಸಪ್ತವ್ಯಸನಗಳ ತ್ಯಾಗವನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು ನಾವು. ಆ ಪಾಠ ನಮ್ಮನ್ನು ಕಾಯಲಿ ಎಂದು ಹಿರಿಯರು ಕಲಿಸಿದರು. ನಾವು ಅದನ್ನು ಜಾರಿಬಿದ್ದವನನ್ನು ಹೊರಗಟ್ಟುವ ಕದವನ್ನಾಗಿ ಮಾಡಿಕೊಂಡೆವು.

ನನ್ನ ಚಿಕ್ಕಪ್ಪನ ಮಗ ಕೆಮ್ಮಿನ ಔಷಧಿಯಿಂದ ಆರಂಭಿಸಿ ನಿದ್ರೆಮಾತ್ರೆಗೆ, ಅಲ್ಲಿಂದ ಬ್ರೌನ್ ಶುಗರ್‌ಗೆ ಹೋದ. ಅವನು ಚಿಕಿತ್ಸಾಕೇಂದ್ರದಲ್ಲಿದ್ದ ತಿಂಗಳುಗಳಲ್ಲಿ ಅವನ ತಂಗಿಗೆ ಸಂಬಂಧ ನೋಡುತ್ತಿದ್ದರು. ಹುಡುಗನ ಕಡೆಯವರು ಕೇಳಿದಾಗ, ‘ಅವನು ವ್ಯಾಪಾರಕ್ಕೆಂದು ದೆಹಲಿಗೆ ಹೋಗಿದ್ದಾನೆ’ ಎಂದು ಹೇಳಿದವನು ನಾನೇ. ಮದುವೆ ನಡೆಯಿತು, ಅಣ್ಣನಾದವನು ಆ ಮಂಟಪದಲ್ಲಿರಲಿಲ್ಲ. ಮರಳಿ ಬಂದ ಮೇಲೆ ಅವನು ಎರಡು ಬಾರಿ ಜಾರಿದ, ಎರಡು ಬಾರಿಯೂ ಎದ್ದ. ಇಂದು ಚೆನ್ನಾಗಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಈ ಸಭೆಗೆ ಬಾ ಎಂದು ಕರೆದೆ. ‘ಅಣ್ಣಾ, ನಾನು ಬಂದರೆ ಅಪ್ಪ ಎಲ್ಲಿ ಕೂರಬೇಕು?’ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ನಾವೆಲ್ಲರೂ.

ನಮ್ಮ ಸಂಪ್ರದಾಯದಲ್ಲಿ ‘ಆಲೋಚನೆ’ ಎಂಬ ಮಾತಿಗೆ ವಿಶೇಷವಾದ ಅರ್ಥವಿದೆ: ಮಾಡಿದ ದೋಷವನ್ನು ಗುರುವಿನ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವುದು. ಹೇಳಿಕೊಂಡವನನ್ನು ಗುರು ಓಡಿಸುವುದಿಲ್ಲ. ಪ್ರಾಯಶ್ಚಿತ್ತ ಕೊಟ್ಟು ದಾರಿಗೆ ತರುತ್ತಾನೆ. ಹೇಳಿಕೊಳ್ಳುವವನಿಗೆ ಧೈರ್ಯ ಎಷ್ಟು ಬೇಕೋ ಕೇಳುವವನಿಗೆ ಕ್ಷಮೆ ಅಷ್ಟೇ ಬೇಕು. ಕ್ಯಾರಿಗೆ ಆ ರಂಗಮಂದಿರದಲ್ಲಿ ಕೇಳುವ ಜನರಿದ್ದರು. ನಮ್ಮ ಹುಡುಗರಿಗೆ ಯಾರಿದ್ದಾರೆ?

ಸರ್ಕಾರಕ್ಕೂ ಒಂದು ಮಾತು ಸಲ್ಲಬೇಕು. ಮಾದಕವಸ್ತುಗಳನ್ನು ಕುರಿತ 1985ರ ಕಾಯಿದೆಯ 64ಎ ಪ್ರಕರಣವು, ಅಲ್ಪ ಪ್ರಮಾಣದ ಅಪರಾಧಕ್ಕೆ ಸಿಕ್ಕಿಬಿದ್ದ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪೂರ್ಣ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ನೀಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೆ ತಂದಿದೆ. ಕಾನೂನು ರೋಗವೆಂದು ಒಪ್ಪಿದ್ದನ್ನು ಟಿ.ವಿ. ವಾಹಿನಿಗಳೂ ರಾಜಕಾರಣದ ವೇದಿಕೆಗಳೂ ಕೇವಲ ಅಪರಾಧವೆಂದು ಬಿಂಬಿಸಿದರೆ, ಯಾವ ತಾಯಿ ತಾನೇ ಮಗನನ್ನು ವೈದ್ಯರ ಬಳಿಗೆ ಕರೆದೊಯ್ದಾಳು? ಬಂಧನದ ಸುದ್ದಿಗೆ ಸಿಗುವ ಪ್ರಚಾರ ಚಿಕಿತ್ಸೆಯ ಹಾದಿಗೂ ಸಿಗಬೇಕೆಂದು ನಾವು ಒತ್ತಾಯಿಸಬೇಕು.

ನಮ್ಮ ಕೈಯಲ್ಲಿರುವುದನ್ನು ಇಂದೇ ಆರಂಭಿಸೋಣ. ಮಾದಕವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕಾಗಿ ಟೆಲಿ ಮಾನಸ್ 14416. ಎರಡನೆಯದರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು; ಮನೆಯ ನೋವನ್ನು ಮನೆಯ ಮಾತಿನಲ್ಲಿ ಹೇಳಿಕೊಳ್ಳುವ ಅವಕಾಶ ಪರಸ್ಥಳದಲ್ಲಿರುವ ನಮಗೆ ಸಣ್ಣದಲ್ಲ. ಈ ಎರಡು ಸಂಖ್ಯೆಗಳು ನಮ್ಮ ಸಮಾಜದ ಪಂಚಾಂಗದ ಮೇಲೆ ಅಚ್ಚಾಗಲಿ. ಸಂಬಂಧ ಕುದುರಿಸುವಾಗ, ಚಿಕಿತ್ಸೆ ಪಡೆದ ಅಣ್ಣನಿದ್ದಾನೆಂಬ ಕಾರಣಕ್ಕೆ ತಂಗಿಯನ್ನು ಬೇಡವೆನ್ನದಿರೋಣ.

ಮುಂದಿನ ವರ್ಷದ ಸಭೆಗೆ ನನ್ನ ತಮ್ಮನನ್ನು ಮತ್ತೆ ಕರೆಯುತ್ತೇನೆ. ಅವನು ಬಂದಾಗ ಚಿಕ್ಕಪ್ಪ ಮೊದಲ ಸಾಲಿನಲ್ಲಿ, ಮಗನ ಪಕ್ಕದಲ್ಲಿಯೇ ಕೂರುವಂತಾಗಲಿ. ಅದು ಅವರಿಬ್ಬರಿಂದ ಆಗುವ ಕೆಲಸವಲ್ಲ. ಅವರ ಸುತ್ತ ಕೂರುವ ನಮ್ಮಿಂದ ಆಗಬೇಕಾದದ್ದು.